ಕೊನೆಗೌಡ ಅಂದ್ರೆ ಯಾರು ಮೇಡಂ?

‘ಈ ಫೋಟೊದಲ್ಲಿ ಟ್ರಾಫಿಕ್ ಸಿಗ್ನಲ್ ಇದೆಯೇ? ಹೌದು ಅಥವಾ ಇಲ್ಲ.’ ಇಂಥ ಪ್ರಶ್ನೆಗೆ ಉತ್ತರ ಒತ್ತುವುದೂ ಒಂದು ಕೆಲಸ ಎಂದರೆ ಅಮ್ಮ ನಂಬುತ್ತಿರಲಿಲ್ಲ. ಡಿಗ್ರಿ ಮುಗಿಸಿ ಸಾಗರದ ಮನೆಯಲ್ಲಿ ಕೂತಿದ್ದ ವರ್ಷ, ರಾತ್ರಿ ಊಟವಾದ ಮೇಲೆ ನಾನು ಮಾಡುತ್ತಿದ್ದುದು ಇದನ್ನೇ. ಒಂದು ಫೋಟೊಗೆ ಕೆಲವು ಪೈಸೆ, ಒಂದು ಬಿಲ್ ನೋಡಿ ಟೈಪ್ ಮಾಡಿದರೆ ಎರಡು ರೂಪಾಯಿ. ಕೆಲಸ ಕೊಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಅವರಿಗೂ ನಾನೊಂದು ನಂಬರ್ ಅಷ್ಟೇ.

ಅಮೆಜಾನ್ 2005ರಲ್ಲಿ ಇಂಥ ಸೇವೆ ಶುರು ಮಾಡಿದಾಗ ಇಟ್ಟ ಹೆಸರು ‘ಮೆಕ್ಯಾನಿಕಲ್ ಟರ್ಕ್’. 1770ರಲ್ಲಿ ವಿಯೆನ್ನಾದ ಅರಮನೆಯಲ್ಲಿ ಚೆಸ್ ಆಡಿ ಎಲ್ಲರನ್ನೂ ಬೆರಗಾಗಿಸಿದ ಯಂತ್ರದಿಂದ ಬಂದ ಹೆಸರದು. ಟರ್ಕಿಯವನ ವೇಷದ ಗೊಂಬೆಯ ಮುಂದಿನ ಪೆಟ್ಟಿಗೆಯಲ್ಲಿ ಅಡಗಿ ಕೂತು ಆಡುತ್ತಿದ್ದವನು ಒಬ್ಬ ಮನುಷ್ಯ! ಕಂಪ್ಯೂಟರಿಗೆ ಚಿತ್ರ ಗುರುತಿಸಲು ಕಲಿಸಿದ ‘ಇಮೇಜ್‌ನೆಟ್’ ಸಂಗ್ರಹದ ಲಕ್ಷಾಂತರ ಚಿತ್ರಗಳನ್ನು ನೋಡಿ ವಿಂಗಡಿಸಿದವರೂ ಹೀಗೆ ಎಲ್ಲೆಲ್ಲೋ ಕೂತ ಜನರೇ.

ನಾನು ಕೂತಿದ್ದ ಪೆಟ್ಟಿಗೆ ಬೇರೆಯದು. ಅಲ್ಲಿ ಒಮ್ಮೆ ಅಮೆರಿಕದ ಅಂಗಡಿ ಬಿಲ್‌ಗಳು ಬಂದವು. 03/04 ಎಂದಿದ್ದನ್ನು ನಮ್ಮ ರೂಢಿಯಂತೆ ಏಪ್ರಿಲ್ 3 ಎಂದು ಬರೆದೆ. ಅವರಲ್ಲಿ ತಿಂಗಳು ಮೊದಲು. ಮಾರನೇ ದಿನ ನಲವತ್ತೂ ರಿಜೆಕ್ಟ್. ದುಡ್ಡು ಹೋದರೆ ಹೋಗಲಿ, ರೇಟಿಂಗ್ ಬಿದ್ದು ಒಳ್ಳೆಯ ಕೆಲಸಗಳು ಕಾಣಿಸುವುದೇ ನಿಂತಿತು. ‘ತಿಂಗಳು ಮೊದಲು’ ಎಂದು ಸೂಚನೆಯಲ್ಲಿ ಎರಡು ಪದ ಬರೆಯಬಹುದಿತ್ತಲ್ಲ? ಯಾರನ್ನು ಕೇಳುವುದು!

ಕಳೆದ ವರ್ಷ ಎಂ.ಎ. ಪ್ರಾಜೆಕ್ಟ್‌ಗೆಂದು ಅಡಿಕೆ ತೋಟದ ಕೆಲಸಗಾರರನ್ನು ಮಾತಾಡಿಸಿ ರೆಕಾರ್ಡ್ ಮಾಡಿದ್ದೆ. ಬರೆದಿಳಿಸಲು ಪುರುಸೊತ್ತಿರಲಿಲ್ಲ. ಆಡಿಯೊವನ್ನು ಸಣ್ಣ ತುಣುಕು ಮಾಡಿ ಅಂಥದ್ದೇ ಒಂದು ಸೈಟಿಗೆ ಹಾಕಿದೆ. ಈಗ ದುಡ್ಡು ಕೊಡುವವಳು ನಾನು. ತುಣುಕಿಗೆ ಎಷ್ಟು ಎಂಬ ಜಾಗದಲ್ಲಿ ಮೊದಲು ತುಂಬಿದ್ದು ಎರಡೇ ರೂಪಾಯಿ, ಹೇಳಿಕೊಳ್ಳಲು ನಾಚಿಕೆ. ಒಂದನ್ನು ನಾನೇ ಬರೆದು ನೋಡಿದೆ. ಎಂಟು ನಿಮಿಷ ಹಿಡಿಯಿತು. ಹನ್ನೆರಡು ರೂಪಾಯಿ ಮಾಡಿದೆ.

ಬಂದ ಬರಹ ಚೆನ್ನಾಗಿಯೇ ಇತ್ತು. ಒಬ್ಬರದ್ದರಲ್ಲಿ ಮಾತ್ರ ‘ಕೊನೆಗೌಡ ಸಿಗದೆ ಅಡಿಕೆ ಮರದಲ್ಲೇ ಉಳೀತು’ ಎಂಬುದು ‘ಕೊನೆಯ ಗೌಡರು ಸಿಗದೆ’ ಎಂದಾಗಿತ್ತು. ಅವರು ಬರೆದ ಎಲ್ಲ ತುಣುಕುಗಳಲ್ಲೂ ಕೊನೆಯ ಗೌಡರೇ! ಮೊದಲು ನಗು ಬಂತು, ಆಮೇಲೆ ಸಿಟ್ಟು. ಬೆರಳು ರಿಜೆಕ್ಟ್ ಬಟನ್ ಹತ್ತಿರ ಹೋಗಿತ್ತು. ಆಗ ನೆನಪಾದದ್ದು ಏಪ್ರಿಲ್ 3. ಮರ ಹತ್ತಿ ಅಡಿಕೆ ಕೊನೆ ಇಳಿಸುವವನನ್ನು ಕೊನೆಗೌಡ ಎನ್ನುತ್ತಾರೆಂದು ನಾನಾದರೂ ಎಲ್ಲಿ ಬರೆದಿದ್ದೆ?

ಅಪ್ರೂವ್ ಮಾಡಿ, ಆ ಪದ ತಪ್ಪಾಗಿದೆ ಎಂದು ಮೆಸೇಜ್ ಹಾಕಿದೆ. ರಾತ್ರಿ ಹನ್ನೊಂದೂವರೆಗೆ ಉತ್ತರ ಬಂತು: ‘ಕೊನೆಗೌಡ ಅಂದ್ರೆ ಯಾರು ಮೇಡಂ? ನಮ್ಮ ಕಡೆ ಹತ್ತಿ ರೀ, ಅಡಿಕೆ ತೋಟ ನೋಡೇ ಇಲ್ಲ. ಹೇಳ್ರಿ, ತಿದ್ದಿ ಕಳಸ್ತೀನಿ.’

ತಿದ್ದಿದ್ದಕ್ಕೂ ದುಡ್ಡು ಹಾಕಿದೆ. ಮುಂದಿನ ಕಂತಿಗೆ ಮುಂಚೆ ತೋಟದ ಪದಗಳ ಪಟ್ಟಿ ಮಾಡಲು ಕೂತೆ. ಅರ್ಧಕ್ಕರ್ಧ ಅಮ್ಮನನ್ನೇ ಕೇಳಬೇಕಾಯಿತು. ‘ಇದಕ್ಕೆ ನಂಗೆಷ್ಟು ಕೊಡ್ತೀಯೇ?’ ಎಂದಳು.