ಸೈನ್ಯಕ್ಕೆ ರಜೆ ಕೊಟ್ಟ ಕೋಸ್ಟರಿಕ

ಕೋಸ್ಟರಿಕದ ರಾಜಧಾನಿ ಸ್ಯಾನ್ ಹೊಸೆಯ ನಡುವಿನ ದಿಬ್ಬದ ಮೇಲೆ ಹಳದಿ ಗೋಡೆಯ, ಬುರುಜುಗಳಿರುವ ಒಂದು ಹಳೆಯ ಕಟ್ಟಡವಿದೆ. ಒಳಹೋಗುವ ದಾರಿಯಲ್ಲಿ ಚಿಟ್ಟೆಗಳ ತೋಟ. ತಲೆಯೆತ್ತಿ ನೋಡಿದರೆ ಬುರುಜಿನ ಗೋಡೆಯಲ್ಲಿ ಗುಂಡು ಹೊಕ್ಕ ಕುಳಿಗಳು. ಇದು ಬೆಯಾವಿಸ್ತ, ಒಂದು ಕಾಲದ ಸೈನಿಕ ಠಾಣೆ, ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1948ರ ಡಿಸೆಂಬರ್ 1ರಂದು ದೇಶದ ಅಂದಿನ ಆಡಳಿತ ಮಂಡಳಿಯ ಮುಖ್ಯಸ್ಥ ಹೊಸೆ ಫಿಗೆರೆಸ್ ಇಲ್ಲಿಗೆ ಬಂದು, ದೊಡ್ಡ ಸುತ್ತಿಗೆಯಿಂದ ಗೋಡೆಗೆ ಏಟು ಹಾಕಿ, ಸೈನ್ಯ ಇನ್ನಿಲ್ಲ ಎಂದು ಸಾರಿದರು. ಠಾಣೆಯ ಬೀಗದ ಕೈ ಹೋದದ್ದು ಶಿಕ್ಷಣ ಮಂತ್ರಿಯ ಕೈಗೆ. ಆ ದಿನ ಈಗ ಸಾರ್ವಜನಿಕ ರಜೆ. 2020ರಲ್ಲಿ ಕಾಯ್ದೆ ತಂದು, ಅಕ್ಟೋಬರ್ 12ರ ರಜೆ ಕೈಬಿಟ್ಟು, ಅದರ ಜಾಗಕ್ಕೆ ಡಿಸೆಂಬರ್ 1ನ್ನು ತಂದರು. ಸೈನ್ಯ ಗೆದ್ದದ್ದಕ್ಕೆ ರಜೆ ಕೊಡುವ ದೇಶಗಳು ಬೇಕಾದಷ್ಟಿವೆ, ಸೈನ್ಯವನ್ನೇ ಕಳಿಸಿಕೊಟ್ಟದ್ದಕ್ಕೆ ರಜೆ ಕೊಡುವ ದೇಶ ಸಿಗುವುದು ಕಷ್ಟ.

ಈ ಕತೆಯನ್ನು ಸಾಮಾನ್ಯವಾಗಿ ಶಾಂತಿಪ್ರಿಯ ಜನರ ಕತೆಯಾಗಿ ಹೇಳುತ್ತಾರೆ. ಅಲ್ಲಿನ ರಾಷ್ಟ್ರಚಿಹ್ನೆಗಳನ್ನು ಸಾಲಾಗಿ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ. ರಾಷ್ಟ್ರಪಕ್ಷಿಯನ್ನೇ ನೋಡಿ. ಕೆಟ್ಸಾಲ್, ಮಕಾವ್ ಗಿಳಿಗಳಂಥ ಬಣ್ಣದ ಹಕ್ಕಿಗಳು ಹಾರಾಡುವ ಕಾಡುಗಳಿದ್ದೂ ಅವರು 1977ರಲ್ಲಿ ಆರಿಸಿದ್ದು ಯಿಗಿರ್ರೊ ಎಂಬ ಮಣ್ಣುಬಣ್ಣದ ಪುಟ್ಟ ಹಕ್ಕಿಯನ್ನು. ಅದು ಕೂಗಿದರೆ ಮಳೆ ಬಂತೆಂದು ರೈತರು ನಂಬುತ್ತಾರೆ. ಆಯ್ಕೆಗೆ ಅಷ್ಟು ಅರ್ಹತೆ ಸಾಕಾಯಿತು. 1988ರಿಂದ ದುಡಿಮೆಯ ಚಿಹ್ನೆಯಾಗಿರುವುದು ಎತ್ತಿನ ಗಾಡಿ. ಸಾರ್ಚಿ ಎಂಬ ಊರಿನಲ್ಲಿ ಅದರ ಚಕ್ರಗಳಿಗೆ ಹೂವಿನ, ನಕ್ಷತ್ರದ ಚಿತ್ತಾರ ಬರೆಯುತ್ತಾರೆ. ಚಕ್ರ ಉರುಳುವಾಗ ಲೋಹದ ಬಳೆಯೊಂದು ಗುಂಬಕ್ಕೆ ತಾಗಿ ಸದ್ದು ಮಾಡುತ್ತದೆ, ಒಂದೊಂದು ಗಾಡಿಗೂ ತನ್ನದೇ ನಾದ. ಕಾಫಿ ಮೂಟೆ ಹೊತ್ತು ಬೆಟ್ಟದ ನಾಡಿನಿಂದ ಕರಾವಳಿಗೆ ಇಳಿಯುತ್ತಿದ್ದ ಗಾಡಿಯಿದು. ಹೂವಾಗಿ ನೇರಳೆ ಆರ್ಕಿಡ್, ಮರವಾಗಿ ನೆರಳು ಹರಡುವ ಗ್ವಾನಕಾಸ್ತೆ. ಹತ್ತೊಂಬತ್ತನೆಯ ಶತಮಾನದ ರಾಷ್ಟ್ರಲಾಂಛನದಲ್ಲಿ ಇದ್ದ ಫಿರಂಗಿ, ಬಂದೂಕುಗಳನ್ನೂ 1906ರಲ್ಲೇ ತೆಗೆದುಹಾಕಿದ್ದರು.

ಆದರೆ ಇದೇ ಪಟ್ಟಿಯಲ್ಲಿ ಇನ್ನೊಂದು ಮುಖವೂ ಇದೆ. ಏಪ್ರಿಲ್ 11 ಹುವಾನ್ ಸಾಂತಮರಿಯನ ದಿನ. ಅಲಹುವೆಲದ ಈ ಬಡ ಹುಡುಗ ಸೈನ್ಯದಲ್ಲಿ ನಗಾರಿ ಬಾರಿಸುವವನು. ಅಮೆರಿಕದ ಸಾಹಸಿ ವಿಲಿಯಂ ವಾಕರ್ ಬಾಡಿಗೆ ಬಂಟರ ದಂಡು ಕಟ್ಟಿಕೊಂಡು ನಿಕರಾಗುವವನ್ನು ಹಿಡಿದಾಗ, 1856ರ ಆ ದಿನ ರಿವಾಸ್ ಪಟ್ಟಣದಲ್ಲಿ ಶತ್ರುಗಳು ಅಡಗಿದ್ದ ಕಟ್ಟಡಕ್ಕೆ ಪಂಜು ಹಿಡಿದು ಬೆಂಕಿಯಿಟ್ಟು ಸತ್ತ. ದೇಶದ ಮುಖ್ಯ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು. ಇನ್ನು ರಾಷ್ಟ್ರಗೀತೆ: ದುಡಿಮೆ, ಶಾಂತಿಗಳನ್ನು ಕೊಂಡಾಡುತ್ತಲೇ, ನಾಡಿನ ಕೀರ್ತಿಗೆ ಕಳಂಕ ತರಲು ಬಂದವರ ಎದುರು ಜನ ಕೈಯ ಸಲಕರಣೆಯನ್ನೇ ಆಯುಧ ಮಾಡಿಕೊಳ್ಳುತ್ತಾರೆಂದೂ ಎಚ್ಚರಿಸುತ್ತದೆ. ಸೈನ್ಯವಿಲ್ಲದ ದೇಶ ಸೈನಿಕನನ್ನು ಪೂಜಿಸುತ್ತದೆಯಲ್ಲ ಎಂದು ಕೆಲವರು ಆಡಿಕೊಳ್ಳುವುದುಂಟು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಅವರು ಕೈಬಿಟ್ಟದ್ದು ಕೆಚ್ಚನ್ನಲ್ಲ, ಒಂದು ಸಂಸ್ಥೆಯನ್ನು. ಆ ಸಂಸ್ಥೆ ಬಿಟ್ಟುಹೋದ ಜಾಗದಲ್ಲಿ ಬೇರೊಂದನ್ನು ಕೂರಿಸಿದ್ದರಿಂದಲೇ ಈ ನಿರ್ಧಾರ ಉಳಿಯಿತೇ ಹೊರತು, ಜನರ ಸಾಧುಸ್ವಭಾವದಿಂದಲ್ಲ.

ಸಾಧುಸ್ವಭಾವದ ವಾದ ನಿಲ್ಲದಿರುವುದಕ್ಕೆ 1948ರ ವರ್ಷವೇ ಸಾಕ್ಷಿ. ಫೆಬ್ರವರಿ 8ರ ಅಧ್ಯಕ್ಷ ಚುನಾವಣೆಯಲ್ಲಿ ಓತಿಲಿಯೊ ಉಲಾತೆ ಗೆದ್ದರೆಂದು ಎಣಿಕೆ ಹೇಳಿತು. ಮಾರ್ಚ್ 1ರಂದು ಸಂಸತ್ತು ಆ ಚುನಾವಣೆಯನ್ನೇ ರದ್ದು ಮಾಡಿತು. ಎರಡು ವಾರ ಕಳೆಯುವುದರಲ್ಲಿ ಕಾಳಗ ಶುರುವಾಗಿ ಸುಮಾರು ಆರು ವಾರ ನಡೆಯಿತು, ಸಾವಿರಾರು ಜನ ಸತ್ತರು. ಬಂಡಾಯ ಹೂಡಿ ಗೆದ್ದವರು ಫಿಗೆರೆಸ್, ವೃತ್ತಿಯಲ್ಲಿ ಕೃಷಿಕ. ತಮ್ಮ ತೋಟಕ್ಕೆ ಅವರು ಇಟ್ಟುಕೊಂಡಿದ್ದ ಹೆಸರಿನ ಅರ್ಥ 'ಕೊನೆಯಿಲ್ಲದ ಹೋರಾಟ'. ಮತಪೆಟ್ಟಿಗೆಯ ಜಗಳ ರಕ್ತಪಾತಕ್ಕೆ ತಿರುಗಿದ ದೇಶವದು. ಹಾಗಾಗಿಯೇ 1949ರ ನವೆಂಬರ್ 7ರ ಸಂವಿಧಾನವನ್ನು ಬರೆದವರು 12ನೇ ವಿಧಿಯಲ್ಲಿ ಕಾಯಂ ಸೈನ್ಯವನ್ನು ನಿಷೇಧಿಸಿ ಸುಮ್ಮನಾಗಲಿಲ್ಲ, ಚುನಾವಣೆಗೆಂದೇ ಒಂದು ಸರ್ವೋಚ್ಚ ನ್ಯಾಯಮಂಡಳಿಯನ್ನೂ ಹುಟ್ಟುಹಾಕಿದರು. ಅದರ ಸದಸ್ಯರನ್ನು ಆರಿಸುವುದು ಅಧ್ಯಕ್ಷರೂ ಅಲ್ಲ, ಸಂಸತ್ತೂ ಅಲ್ಲ, ಸುಪ್ರೀಂ ಕೋರ್ಟು. ಅದಕ್ಕೂ ಮೂರನೇ ಎರಡರಷ್ಟು ಮತ ಬೇಕು. ಜನನ, ಮರಣ, ಗುರುತಿನ ಚೀಟಿಗಳ ದಾಖಲೆಯೂ ಅದರ ಕೈಯಲ್ಲೇ. ಚುನಾವಣೆಯ ಕಾಲದಲ್ಲಿ ಪೊಲೀಸರು ಹೇಗೆ ನಡೆದುಕೊಳ್ಳಬೇಕೆಂದು ಅದು ಅಪ್ಪಣೆ ಕೊಡಬಲ್ಲದು. ಕಾರ್ಯಾಂಗ, ಶಾಸಕಾಂಗ, ನ್ಯಾಯಾಂಗಗಳ ಜೊತೆ ಇದು ನಾಲ್ಕನೆಯ ಅಂಗವೆಂದೇ ಅಲ್ಲಿ ಮಾತು.

ಉಳಿದ ಸರ್ಕಾರಿ ಏರ್ಪಾಡೂ ಯಾರೂ ಕುರ್ಚಿಗೆ ಅಂಟಿಕೊಳ್ಳದಂತೆ ಮಾಡಿದ್ದೇ. ಸಂಸತ್ತಿಗೆ ಒಂದೇ ಸದನ, 57 ಸದಸ್ಯರು. ಅವಧಿ ನಾಲ್ಕು ವರ್ಷ, ಮುಗಿದ ಬೆನ್ನಿಗೇ ಅವರು ಮತ್ತೆ ನಿಲ್ಲುವಂತಿಲ್ಲ. ಅಧ್ಯಕ್ಷರೂ ಅಷ್ಟೇ, ಇಳಿದ ಮೇಲೆ ಎರಡು ಅವಧಿ ಕಾಯಬೇಕು. ಮತದಾನ ಫೆಬ್ರವರಿಯ ಮೊದಲ ಭಾನುವಾರ. ಯಾರಿಗೂ ಶೇ 40ರಷ್ಟು ಮತ ಬರದಿದ್ದರೆ ಏಪ್ರಿಲ್‌ನಲ್ಲಿ ಎರಡನೇ ಸುತ್ತು. ಫಿಗೆರೆಸ್ ಕೂಡ ಹದಿನೆಂಟು ತಿಂಗಳು ಆಳಿ, 1949ರ ನವೆಂಬರ್‌ನಲ್ಲಿ ಅಧಿಕಾರವನ್ನು ಉಲಾತೆಯವರಿಗೇ ಒಪ್ಪಿಸಿದರು. ಬಂದೂಕಿನಿಂದ ಗೆದ್ದವನು ಮತದಿಂದ ಗೆದ್ದವನಿಗೆ ಜಾಗ ಬಿಟ್ಟ ಆ ದಿನ, ಸುತ್ತಿಗೆಯ ಏಟಿಗಿಂತ ದೊಡ್ಡದು ಎಂದು ನನ್ನ ಎಣಿಕೆ. ಅದಕ್ಕೆ ಮಾತ್ರ ರಜೆಯಿಲ್ಲ.

ಫಿಗೆರೆಸ್ ಮಾಡಿದ್ದು ತಮ್ಮ ಹಿತಕ್ಕಾಗಿ, ಸೋತವರ ಕಡೆಯ ಸೈನ್ಯ ಮತ್ತೆ ತಲೆಯೆತ್ತದಿರಲಿ ಎಂದು, ಅನ್ನುವವರಿದ್ದಾರೆ. ಸುಳ್ಳೇನಲ್ಲ, ಸ್ವಾಮಿಕಾರ್ಯದ ಜೊತೆ ಸ್ವಕಾರ್ಯ. ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದ್ದೂ ಅದೇ ಆಡಳಿತ, ಆ ಕಲೆ 1970ರ ದಶಕದವರೆಗೆ ಸಂವಿಧಾನದಲ್ಲಿ ಉಳಿದಿತ್ತು. ಆದರೆ ಉದ್ದೇಶ ಏನೇ ಇರಲಿ, ಪರೀಕ್ಷೆ ಬೇಗನೇ ಬಂತು. 1949ರ ಏಪ್ರಿಲ್‌ನಲ್ಲಿ ಸರ್ಕಾರವನ್ನು ಉರುಳಿಸಲು ಹೊರಟವರು ಸಾರ್ವಜನಿಕ ಭದ್ರತಾ ಖಾತೆಯ ಮಂತ್ರಿ ಎಡ್ಗರ್ ಕಾರ್ದೋನ, ಸೈನ್ಯ ರದ್ದತಿಗೆ ಮುಂದೆ ನಿಂತವರಲ್ಲಿ ಒಬ್ಬರು! ಲ್ಯಾಟಿನ್ ಅಮೆರಿಕದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಕತೆಗಳಿಗೆ ಲೆಕ್ಕವಿಲ್ಲ. ಇಲ್ಲಿ ಮೇಯಲು ಬಂದ ಬೇಲಿಗೆ ಬಲ ಸಾಲಲಿಲ್ಲ. ಅಲ್ಲಿಂದೀಚೆಗೆ ಕ್ಷಿಪ್ರಕ್ರಾಂತಿ ನಡೆದಿಲ್ಲ.

ಹೆಚ್ಚು ತೂಕದ ಆಕ್ಷೇಪ ಇನ್ನೊಂದು: ಅಮೆರಿಕದ ಕೊಡೆಯಡಿ ನಿಂತವನಿಗೆ ಸ್ವಂತ ಕೊಡೆ ಯಾಕೆ ಬೇಕು? ರದ್ದತಿ ಸಾರಿ ಹತ್ತು ದಿನವೂ ಆಗಿರಲಿಲ್ಲ, ನಿಕರಾಗುವದ ಕಡೆಯಿಂದ ಸೋತ ಬಣ ಗಡಿ ದಾಟಿ ಬಂತು. ಕೋಸ್ಟರಿಕ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಗೆ ಮೊರೆಯಿಟ್ಟು ಪಾರಾಯಿತು. 1955ರಲ್ಲಿ ಮತ್ತೆ ದಾಳಿಯಾದಾಗ ಅಮೆರಿಕ ನಾಲ್ಕು ಮಸ್ಟ್ಯಾಂಗ್ ವಿಮಾನಗಳನ್ನು ತಲಾ ಒಂದು ಡಾಲರಿಗೆ ಮಾರಿತು. ಕೊಡೆ ಇದ್ದದ್ದು ನಿಜ. ಆದರೆ ಗ್ವಾಟೆಮಾಲ, ಹೊಂಡುರಾಸ್, ಎಲ್ ಸಾಲ್ವಡಾರ್‌ಗಳ ಸೈನ್ಯಗಳೂ ಅದೇ ಕೊಡೆಯಡಿ ಇದ್ದವಲ್ಲ? ಅಲ್ಲಿನ ಜನ ನೆನೆದದ್ದು ತಮ್ಮದೇ ಸೈನ್ಯ ಹರಿಸಿದ ರಕ್ತದಲ್ಲಿ. ಶೀತಲ ಸಮರ ಮುಗಿದು ಎಷ್ಟೋ ಕಾಲದ ಮೇಲೆ, 2010ರಲ್ಲಿ, ಸ್ಯಾನ್ ಹುವಾನ್ ನದಿಯ ಮುಖಜ ಭೂಮಿಗೆ ನಿಕರಾಗುವದ ಸೈನಿಕರು ಬಂದು ಕೂತಾಗ ಕೋಸ್ಟರಿಕ ಹೋದದ್ದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ. 2015ರಲ್ಲಿ ತೀರ್ಪು ಅದರ ಕಡೆಗಾಯಿತು, 2018ರಲ್ಲಿ ಪರಿಹಾರವೂ ನಿಗದಿಯಾಯಿತು. ನಿಧಾನವಾಯಿತು, ಒಪ್ಪೋಣ. ಯುದ್ಧವೂ ನಿಧಾನವೇ.

ಉತ್ತರ ಕೊಡಲು ಕಷ್ಟವಾಗುವ ಆಕ್ಷೇಪ ಇಂದಿನದು. ಮಾದಕವಸ್ತು ಗ್ಯಾಂಗುಗಳ ಕಾಟದಿಂದ 2023ರಲ್ಲಿ ಅಲ್ಲಿ 900ಕ್ಕೂ ಹೆಚ್ಚು ಕೊಲೆಗಳಾದವು. ಸುಮಾರು ಐವತ್ತು ಲಕ್ಷ ಜನರ ದೇಶಕ್ಕೆ ಇದು ದಾಖಲೆ. ರಾಷ್ಟ್ರೀಯ ಉತ್ಪನ್ನದ ಶೇ 8ಕ್ಕೆ ಕಡಿಮೆಯಿಲ್ಲದಂತೆ ಶಿಕ್ಷಣಕ್ಕೆ ಕೊಡಬೇಕೆಂದು ಸಂವಿಧಾನದ 78ನೇ ವಿಧಿ ಹೇಳುತ್ತದೆ, ಈಚಿನ ಬಜೆಟ್ಟುಗಳು ಅದರ ಹತ್ತಿರವೂ ಸುಳಿದಿಲ್ಲ. ಗ್ಯಾಂಗಿನ ಮೇಲೆ ಸೈನ್ಯ ಬಿಟ್ಟ ದೇಶಗಳ ಪಾಡು ನೋಡಿದವರಿಗೆ ಸೈನ್ಯ ಇದಕ್ಕೆ ಮದ್ದೆನ್ನಿಸದು. ಆದರೆ ಠಾಣೆಯ ಬೀಗದ ಕೈ ಪಡೆದ ಇಲಾಖೆಗೇ ಹಣ ಕೊಡದೆ ಡಿಸೆಂಬರ್ 1ಕ್ಕೆ ಭಾಷಣ ಮಾಡುವುದು ಅರ್ಧ ಆಚರಣೆ ಎಂದೇ ಹೇಳಬೇಕು.

ಶಾಲೆಗೂ ಅಲ್ಲಿನ ಹಬ್ಬಕ್ಕೂ ಇರುವ ನಂಟು ಅಂಥದ್ದು. ಸೆಪ್ಟೆಂಬರ್ 15ರ ಸ್ವಾತಂತ್ರ್ಯ ದಿನದ ಹಿಂದೆ ಕೋಸ್ಟರಿಕ ಹೋರಾಡಿದ ಯುದ್ಧ ಯಾವುದೂ ಇಲ್ಲ. 1821ರಲ್ಲಿ ಗ್ವಾಟೆಮಾಲ ನಗರದಲ್ಲಿ ಸ್ಪೇನಿನಿಂದ ಬಿಡುಗಡೆ ಘೋಷಣೆಯಾಯಿತು, ಸುದ್ದಿ ಕೋಸ್ಟರಿಕ ಮುಟ್ಟಲು ಸುಮಾರು ಒಂದು ತಿಂಗಳು ಹಿಡಿಯಿತು. ಅದರ ನೆನಪಿಗೆ ಗ್ವಾಟೆಮಾಲದಿಂದ ಹೊರಟ ಪಂಜನ್ನು ವಿದ್ಯಾರ್ಥಿಗಳು ಕೈಯಿಂದ ಕೈಗೆ ದಾಟಿಸುತ್ತ ಹಳೆಯ ರಾಜಧಾನಿ ಕಾರ್ತಾಗೊಗೆ ತರುತ್ತಾರೆ. 15ರ ಮೆರವಣಿಗೆಯಲ್ಲಿ ನಗಾರಿ, ಬ್ಯಾಂಡುಗಳನ್ನು ಬಾರಿಸುವವರು ಶಾಲಾ ಮಕ್ಕಳು, ಟ್ಯಾಂಕು, ಕ್ಷಿಪಣಿಗಳಿಲ್ಲ. ಅದಕ್ಕೂ ಮೊದಲು, 14ರ ಸಂಜೆ ಸರಿಯಾಗಿ ಆರು ಗಂಟೆಗೆ, ದೇಶದ ಜನ ಇದ್ದಲ್ಲೇ ನಿಂತು ರಾಷ್ಟ್ರಗೀತೆ ಹಾಡುತ್ತಾರೆ. ಹಾಡು ಮುಗಿದ ಮೇಲೆ ಮಕ್ಕಳು ರಟ್ಟು, ಬಣ್ಣದ ಕಾಗದಗಳಲ್ಲಿ ಮನೆಯಲ್ಲೇ ಮಾಡಿದ ಲಾಂದ್ರ ಹಿಡಿದು ಬೀದಿಗಿಳಿಯುತ್ತಾರೆ. ಒಬ್ಬರ ಕೈಯಲ್ಲಿ ಎತ್ತಿನ ಗಾಡಿ, ಇನ್ನೊಬ್ಬರದರಲ್ಲಿ ಯಿಗಿರ್ರೊ, ಒಳಗೆ ಸಣ್ಣ ದೀಪ.