ಉಪ್ಪುನೀರಿನ ಮೀನುತೊಟ್ಟಿ: ಮೀನಿಗಿಂತ ಮೊದಲು ಜೀವಾಣು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಅಲಂಕಾರಿಕ ಮೀನಿನ ಅಂಗಡಿಗಳಿವೆ. ಕೃಷ್ಣರಾಜಪುರದ ಕಡೆಯಿಂದ ಪೇಟೆಗೆ ಬರುವ ರೈತ ಬಾಂಧವರು, ಮಕ್ಕಳ ಒತ್ತಾಯಕ್ಕೆ, ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಯುಳ್ಳ ಕ್ಲೌನ್ ಮೀನನ್ನು ತೊಟ್ಟಿ ಸಮೇತ ಕೊಂಡೊಯ್ಯುವುದುಂಟು. ನೀರು ತುಂಬಿದ ದಿನವೇ ಮೀನು ಬಿಟ್ಟರೆ, ಕೆಲವೇ ದಿನಗಳಲ್ಲಿ ಅದು ಸಾಯುವ ಸಂಭವ ಹೆಚ್ಚು. ಕೊಟ್ಟ ಹಣವೂ ನೀರುಪಾಲು. ಮನೆಯವರು ರೋಗವೆಂದುಕೊಳ್ಳುತ್ತಾರೆ. ಅನೇಕ ವೇಳೆ ಅದು ರೋಗವಲ್ಲ, ವಿಷ. ಆ ವಿಷ ನಿಮಗೆ ಹೊಸದೂ ಅಲ್ಲ.

ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ಮಣ್ಣಿನ ಒಂದು ಬಗೆಯ ಜೀವಾಣುಗಳು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ತೊಟ್ಟಿಯಲ್ಲಿಯೂ ಇದೇ ಕ್ರಮ. ಮೀನು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಮಿಕ್ಕ ಆಹಾರವೂ ಕೊಳೆತು ಅದೇ ಆಗುತ್ತದೆ. ಆದರೆ ಹೊಲದಲ್ಲಿ ಈ ಜೀವಾಣುಗಳು ಮೊದಲೇ ನೆಲೆಸಿವೆ, ಹೊಸ ಗಾಜಿನ ತೊಟ್ಟಿಯಲ್ಲಿ ಇಲ್ಲ.

ಕ್ಷಾರ ಮಣ್ಣಿನ ಮೇಲೆ ಯೂರಿಯಾ ಎರಚಿದರೆ ಒಂದು ಪಾಲು ಅನಿಲವಾಗಿ ಹಾರಿಹೋಗುವುದನ್ನು ನೀವು ಬಲ್ಲಿರಿ. ಆ ಅನಿಲರೂಪದ ಅಮೋನಿಯಾವೇ ಮೀನಿಗೆ ವಿಷ. ಸಮುದ್ರದ ನೀರಿನ ರಸಸಾರ 8.1ರಿಂದ 8.4. ರಸಸಾರ 7 ಇರುವ ಸಿಹಿನೀರಿಗೆ ಹೋಲಿಸಿದರೆ ಇಲ್ಲಿ ವಿಷದ ಅಂಶ ಹತ್ತು ಪಟ್ಟಿಗೂ ಹೆಚ್ಚು. ಸಿಹಿನೀರಿನ ತೊಟ್ಟಿಯಲ್ಲಿ ನಡೆದುಹೋಗುವ ಆತುರ ಇಲ್ಲಿ ನಡೆಯದಿರುವುದು ಇದರಿಂದಲೇ.

ನಲ್ಲಿಯ ಕಾವೇರಿ ನೀರಿನಲ್ಲಿರುವ ಕ್ಲೋರಿನ್ ಜೀವಾಣುಗಳನ್ನೂ ಕೊಲ್ಲುತ್ತದೆ. ಕೊಳವೆಬಾವಿಯ ನೀರು ಗಡಸು. ಆದುದರಿಂದ ಆರ್.ಓ. ಯಂತ್ರದ ನೀರೇ ಲೇಸು. ಅಡಿಗೆ ಉಪ್ಪು ಕೂಡದು. ಅಂಗಡಿಯಲ್ಲಿ ದೊರೆಯುವ ಸಮುದ್ರ ಲವಣ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿ, ಹೈಡ್ರೋಮೀಟರಿನಲ್ಲಿ 1.025 ಬರುವಂತೆ ಹೊಂದಿಸಿರಿ. ಜೀವಾಣುಗಳು ನೆಲೆಸಲು ರಂಧ್ರಗಳುಳ್ಳ ಸೆರಾಮಿಕ್ ಕಲ್ಲು ಇಡಿರಿ. ಸಮುದ್ರದಿಂದ ಕಿತ್ತ ಹವಳ ಬೇಡ. ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ.

ಈಗ ಜೀವಾಣುಗಳಿಗೆ ಆಹಾರ ಬೇಕು. 100 ಲೀಟರಿಗೆ ಸುಮಾರು 0.6 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಮನೆಯಲ್ಲಿ ಯೂರಿಯಾ ಇದೆಯಲ್ಲ ಎಂದು ಅದನ್ನು ಹಾಕಬೇಡಿ. 2015ರಿಂದ ನಮ್ಮ ದೇಶದ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯ. ನಮಗೆ ಬೇಕಾದ ಇದೇ ಜೀವಾಣುಗಳ ಕೆಲಸವನ್ನು ನಿಧಾನಗೊಳಿಸಲೆಂದೇ ಆ ಲೇಪ ಇರುವುದು! ಹೊಲಕ್ಕೆ ಹಿತವಾದದ್ದು ತೊಟ್ಟಿಗೆ ಅಹಿತ.

ಪರೀಕ್ಷಾ ಪೆಟ್ಟಿಗೆಯಿಂದ ಎರಡು ದಿನಕ್ಕೊಮ್ಮೆ ನೀರನ್ನು ಪರೀಕ್ಷಿಸಿರಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟೇ ಪ್ರಮಾಣದ ಅಮೋನಿಯಾವನ್ನು ಮತ್ತೆ ಹಾಕಿ, ಒಂದು ದಿನದೊಳಗೆ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ಹದವಾಯಿತು. ಉಳಿದ ನೈಟ್ರೇಟ್ ತಗ್ಗಿಸಲು ಅರ್ಧ ನೀರನ್ನು ಬದಲಿಸಿರಿ.

ಆಗಲೂ ಒಂದೋ ಎರಡೋ ಮೀನು ಸಾಕು. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಸಮುದ್ರದಿಂದ ಹಿಡಿದದ್ದಕ್ಕಿಂತ ಇಂತಹ ಸಾಕಿದ ಮರಿಯನ್ನೇ ಕೇಳಿ ಕೊಳ್ಳಿರಿ.

ಗಾಳಿಯ ಪಂಪು ಹಗಲಿರುಳೂ ನಡೆಯಬೇಕು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿ ನೀರಿನ ಆಮ್ಲಜನಕ ಕುಗ್ಗಿದಾಗ ಅಷ್ಟು ದೊಡ್ಡ ಕೆರೆಗೂ ಈ ಗತಿ. ಜೀವಾಣುಗಳಿಗೂ ಆಮ್ಲಜನಕ ಬೇಕಾದುದರಿಂದ, ವಿದ್ಯುತ್ ಹೋದಾಗ ನಡೆಯುವಂತಹ ಬ್ಯಾಟರಿ ಪಂಪು ಒಂದಿರಲಿ.

ನೀರು ಆವಿಯಾಗಿ ಮಟ್ಟ ಇಳಿದಾಗ ಉಪ್ಪುನೀರು ಸುರಿಯಬೇಡಿ. ನೀರಾವರಿ ಹೊಲದಲ್ಲಿ ನೀರು ಆರಿ ಉಪ್ಪು ಉಳಿದು ಚೌಳಾಗುವಂತೆ, ಇಲ್ಲಿಯೂ ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ. ಗಾಜಿನ ಮೇಲೆ ಗುರುತು ಹಾಕಿ, ಇಳಿದಷ್ಟಕ್ಕೆ ಆರ್.ಓ. ಸಿಹಿನೀರನ್ನೇ ಪ್ರತಿದಿನ ತುಂಬಿರಿ.