ವಿದೇಶ ಪ್ರವಾಸ ಮತ್ತು ಮೊಬೈಲ್ ರೋಮಿಂಗ್ ವೆಚ್ಚ

ನಮ್ಮ ಭಾಗದ ವ್ಯಾಪಾರಸ್ಥರಿಗೆ ರೋಮಿಂಗ್ ಎಂಬುದು ಹೊಸ ಶಬ್ದವಲ್ಲ. ಜಮಖಂಡಿಯಿಂದ ಸಾಂಗಲಿಗೆ ಹೊರಟವರಾಗಲಿ, ರಬಕವಿ-ಬನಹಟ್ಟಿಯಿಂದ ಇಚಲಕರಂಜಿಗೆ ಹೋದವರಾಗಲಿ, ಮಹಾರಾಷ್ಟ್ರದ ಗಡಿ ದಾಟಿದೊಡನೆ ಬಂದ ಕರೆಗೂ ಹಣ ತೆರುತ್ತಿದ್ದ ಕಾಲವನ್ನು ಮರೆತಿರಲಾರರು. ಒಳಬರುವ ಕರೆಗೆ ಟ್ರಾಯ್ 2007ರಲ್ಲಿ ನಿಗದಿಪಡಿಸಿದ ಗರಿಷ್ಠ ದರ ನಿಮಿಷಕ್ಕೆ 1.75 ರೂಪಾಯಿ, 2013ರಲ್ಲಿ ಅದು 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ನಂತರದ ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಶುಲ್ಕವೇ ಇಲ್ಲವಾಯಿತು. ಆ ನೆಮ್ಮದಿಯೇ ವಿದೇಶಕ್ಕೆ ಹೋಗುವವರನ್ನು ಮೈಮರೆಸುತ್ತಿದೆ.

ನನ್ನ ಕಕ್ಷಿದಾರರಾದ ಬನಹಟ್ಟಿಯ ವಿದ್ಯುತ್ ಮಗ್ಗಗಳ ಮಾಲೀಕರೊಬ್ಬರು 2023ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ನಡೆದ ಜವಳಿ ಯಂತ್ರಗಳ ಪ್ರದರ್ಶನ 'ಇಟ್ಮಾ'ಕ್ಕೆ ಹೋಗಿ ಬಂದರು. ಮುಂದೆ ಲೆಕ್ಕಪತ್ರ ನೋಡುವಾಗ ದೂರವಾಣಿ ಖರ್ಚಿನ ಖಾತೆಯಲ್ಲಿ 38 ಸಾವಿರ ರೂಪಾಯಿಗಳ ಒಂದೇ ನಮೂದು ಕಂಡಿತು. ವಿಚಾರಿಸಲಾಗಿ, ಅವರು ಮಾತನಾಡಿದ್ದು ಅತ್ಯಲ್ಪ. ಆದರೆ ಪ್ರತಿದಿನ ಹೋಟೆಲಿನಲ್ಲಿ ಕುಳಿತು ಶೆಡ್ಡಿನ ರಾತ್ರಿ ಪಾಳಿಯನ್ನು ಸಿಸಿಟಿವಿ ಮೂಲಕ ಮೊಬೈಲಿನಲ್ಲಿ ವೀಕ್ಷಿಸುತ್ತಿದ್ದರು. ಹೋಟೆಲಿನ ವೈಫೈ ಕಡಿದಾಗಲೆಲ್ಲ ಫೋನು ತಾನಾಗಿ ರೋಮಿಂಗ್ ಡೇಟಾಕ್ಕೆ ಹೊರಳಿತ್ತು. ಸಿಮ್ಮನ್ನೇ ತೆಗೆದಿಡಬಹುದಿತ್ತಲ್ಲ ಎಂದೆ. "ವಾರದ ಬಟವಡೆ ಇತ್ರೀ ಸಾಹೇಬ್ರ, ಓಟಿಪಿ ಬರಲಿಲ್ಲಂದ್ರ ನೇಕಾರರಿಗೆ ಏನ್ ಹೇಳ್ಲಿ?" ಎಂದರು.

ಅವರ ಮಾತಿನಲ್ಲಿ ನ್ಯಾಯವಿದೆ. ಆದ್ದರಿಂದ ಭಾರತದ ಸಿಮ್ಮನ್ನು ಫೋನಿನಲ್ಲಿಯೇ ಇರಿಸಿ, 'ಡೇಟಾ ರೋಮಿಂಗ್' ಒಂದನ್ನು ವಿಮಾನ ಏರುವ ಮೊದಲೇ ಬಂದ್ ಮಾಡತಕ್ಕದ್ದು. ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಊರಲ್ಲಿಯೇ ಚಾಲೂ ಮಾಡಿಸಿದ್ದರೆ ಓಟಿಪಿ ಬರುತ್ತದೆ. ಒಳಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ಕರೆಯ ಮಾತು ಬೇರೆ: ಪ್ಯಾಕ್ ಇಲ್ಲದಿದ್ದರೆ ಬಂದ ಕರೆಗೂ ದರವುಂಟು. ಎತ್ತದ ಕರೆ ಬೇರೆ ನಂಬರಿಗೆ ಹೋಗುವಂತೆ 'ಕಾಲ್ ಫಾರ್ವರ್ಡ್' ಇರಿಸಿದ್ದರೆ, ಒಂದೇ ಕರೆಗೆ ಎರಡು ಬಾರಿ ಹಣ ಕಡಿತವಾಗಬಹುದು, ಅದನ್ನೂ ರದ್ದುಪಡಿಸಿಕೊಳ್ಳಬೇಕು.

ಇಂಟರ್ನೆಟ್ಟಿಗೆ ಆಯಾ ದೇಶದ ಸಿಮ್ ಅಥವಾ ಇ-ಸಿಮ್ಮನ್ನು ಎರಡನೆಯದಾಗಿ ಹಾಕಿಕೊಳ್ಳಬಹುದು. ಇಟಲಿಯಲ್ಲಿ ಕೊಂಡ ಸಿಮ್, 2017ರ ಜೂನ್ 15ರಿಂದ ಜಾರಿಯಲ್ಲಿರುವ ನಿಯಮದಂತೆ ಐರೋಪ್ಯ ಒಕ್ಕೂಟದ ಇತರ ದೇಶಗಳಲ್ಲಿಯೂ, ಮಿತಿಗೊಳಪಟ್ಟು, ಹೆಚ್ಚುವರಿ ದರವಿಲ್ಲದೆ ನಡೆಯುತ್ತದೆ. ಮಿಲಾನಿಗೆ ಸಮೀಪದಲ್ಲೇ ಇರುವ ಸ್ವಿಟ್ಜರ್ಲೆಂಡ್ ಮಾತ್ರ ಒಕ್ಕೂಟದ ಹೊರಗಿನದು. ದುಬೈಗೆ ಹೋಗುವ ದ್ರಾಕ್ಷಿ, ದಾಳಿಂಬೆ ರಫ್ತುದಾರರು ವಾಟ್ಸಾಪ್ ಕರೆಯನ್ನು ನಂಬಿಕೊಂಡು ಹೋಗಬಾರದು. ಅಲ್ಲಿ ಅದಕ್ಕೆ ನಿರ್ಬಂಧವಿದೆ. ಎರಡು-ಮೂರು ದಿನಗಳ ಪ್ರವಾಸವಾದರೆ ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕೇ ಸುಲಭ. ಆದರೆ ವಿಮಾನ ಬದಲಿಸುವ ದೇಶ ಅದರಲ್ಲಿ ಸೇರಿದೆಯೇ, ದಿನದ ಎಣಿಕೆ ಯಾವಾಗಿನಿಂದ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ವಿಮಾನ, ಹಡಗುಗಳೊಳಗಿನ ಉಪಗ್ರಹ ಸಂಪರ್ಕಕ್ಕೆ ಸಾಮಾನ್ಯವಾಗಿ ಪ್ರತ್ಯೇಕ, ದುಬಾರಿ ದರ.

ಇನ್ನು ಲೆಕ್ಕಪತ್ರದ ವಿಷಯ. ದೂರಸಂಪರ್ಕ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ಸಂಪರ್ಕವು ಸಂಸ್ಥೆಯ ಹೆಸರಿನಲ್ಲಿದ್ದು, ಬಿಲ್ಲಿನಲ್ಲಿ ಅದರ ಜಿಎಸ್‌ಟಿ ನೋಂದಣಿ ಸಂಖ್ಯೆ ನಮೂದಾಗಿದ್ದರೆ ವ್ಯವಹಾರದ ಬಳಕೆಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ನಮ್ಮ ಕಕ್ಷಿದಾರರ ನಂಬರು ಸ್ವಂತ ಹೆಸರಿನಲ್ಲಿತ್ತು. 38 ಸಾವಿರದಲ್ಲಿ ತೆರಿಗೆಯ ಪಾಲಾದ ಸುಮಾರು 5,800 ರೂಪಾಯಿಯೂ ಕೈಬಿಟ್ಟಿತು. ಹೊರದೇಶದಲ್ಲಿ ಕೊಂಡ ಸಿಮ್ಮಿಗೆ ಈ ಜಮೆ ಇಲ್ಲವಾದರೂ ಪ್ರವಾಸದ ಖರ್ಚೆಂದು ತೋರಿಸಲು ರಸೀದಿ ಬೇಕೇ ಬೇಕು.

ಮುಂದಿನ ಇಟ್ಮಾ 2027ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿದೆ. ಅವರು ಹೋಗುವವರಿದ್ದಾರೆ, ರಾತ್ರಿ ಪಾಳಿಯ ಉಸ್ತುವಾರಿಯನ್ನು ಆಗ ಮಗನಿಗೇ ಒಪ್ಪಿಸುವರಂತೆ.